ಚಿಗರಿ ಕಾಯುವ ಕೇಪಿನ ಬಂದೂಕಿಗೆ ಯಾವ ಮದ್ದು, ಎಷ್ಟು ಮದ್ದು: ಮೂರು ಹಂಗಾಮು ಬಳಸಿದ ಮೇಲೆ

ಯಲಬುರ್ಗಾ, ಕುಕನೂರು ಸೀಮೆಯ ಎರೆ ಹೊಲಗಳಲ್ಲಿ ಒಕ್ಕಲುತನ ಮಾಡುವವರಿಗೆ ಚಿಗರಿಯ ಕಾಟ ಹೊಸದಲ್ಲ. ಸರ್ಕಾರಿ ಕಾಗದಗಳಲ್ಲಿ ಕೃಷ್ಣಮೃಗವೆಂದು ಕರೆಸಿಕೊಳ್ಳುವ ಈ ಪ್ರಾಣಿ ಮುಂಗಾರಿನ ಹೆಸರು ಎರಡೆಲೆಯಾಗುತ್ತಲೇ ಹಿಂಡು ಕಟ್ಟಿಕೊಂಡು ಬರುತ್ತದೆ, ಹಿಂಗಾರಿನಲ್ಲಿ ಕಡಲೆಯ ಕುಡಿಗೆ ಮತ್ತೆ ಬರುತ್ತದೆ, ಎರಡೂ ಸಲ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚಾಗಿರುತ್ತದೆ. ನಮ್ಮ ತಂದೆಯವರ ಹೆಸರಿನಲ್ಲಿದ್ದ ಬೆಳೆ ರಕ್ಷಣೆಯ ಪರವಾನಗಿ ಅವರು ತೀರಿಕೊಂಡ ಮೇಲೆ ನನ್ನ ಹೆಸರಿಗೆ ಬಂದಿತು. ಅದರ ಜೊತೆಗೆ ಒಂಟಿ ನಳಿಗೆಯ, ಮುಂದಿನಿಂದ ಮದ್ದು ತುಂಬಿ ಗಜವೆಂಬ ಉದ್ದ ಕಡ್ಡಿಯಿಂದ ಗಿಡಿಯುವ, ಕೇಪಿನ (ಕುದುರೆಯೆಂಬ ಸುತ್ತಿಗೆ ಬಡಿದಾಗ ಕಿಡಿ ಬಿಡುವ ಸಣ್ಣ ಟೊಪ್ಪಿಗೆಯ) ಬಂದೂಕೂ ಬಂದಿತು. ಪರವಾನಗಿ ಪುಸ್ತಕದಲ್ಲಿ ಅದರ ಹೆಸರು ಎಸ್‌ಬಿಎಂಎಲ್ (ಸಿಂಗಲ್ ಬ್ಯಾರೆಲ್ ಮಜಲ್ ಲೋಡಿಂಗ್). ಮನೆಯಲ್ಲಿ ಇಂದಿಗೂ ಅದು ಅಪ್ಪನ ಬಂದೂಕು.

ಆ ಬಂದೂಕಿಗಾಗಿ ಬಳ್ಳಾರಿಯ ಒಂದು ಪರವಾನಗಿ ಪಡೆದ ಆಯುಧದ ಅಂಗಡಿಯಲ್ಲಿ ನಾನು ಮೂರು ಹಂಗಾಮು ಕೊಂಡು ಬಳಸಿದ ಕರಿ ಮದ್ದು, ಕೇಪು, ಮದ್ದಿನ ಅಳತೆ ಮತ್ತು ಮದ್ದಿನ ಮೇಲೆ ಗಿಡಿಯುವ ಬಿರಡೆಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಗುಂಡಿನ ಬಗ್ಗೆಯೂ ಬರೆಯುತ್ತೇನೆ, ಆದರೆ ಕೊಳ್ಳಬೇಕೆಂದು ಹೇಳುವುದಕ್ಕಲ್ಲ. ಚಿಗರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಹೊಡೆದವನಿಗೆ 3ರಿಂದ 7 ವರ್ಷ ಸೆರೆವಾಸ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ ಕಾದಿರುತ್ತದೆ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ಸದ್ದು ಮಾಡಿ ಹಿಂಡನ್ನು ಹೊಲದಿಂದ ಎಬ್ಬಿಸುವುದಕ್ಕೆ ಮಾತ್ರ ನಾನು ಇದನ್ನು ಬಳಸಿದ್ದೇನೆ, ಮುಂದೆ ಬರುವ ಹೊಗಳಿಕೆ ತೆಗಳಿಕೆಗಳೆಲ್ಲವೂ ಆ ಒಂದು ಕೆಲಸಕ್ಕೆ ಸಂಬಂಧಿಸಿದವು.

ಮೊದಲು ಅಂಗಡಿಯ ಮಾತು. ಒಳಗೆ ಕಾಲಿಡುತ್ತಲೇ ಪರವಾನಗಿ ಪುಸ್ತಕ ಕೇಳುತ್ತಾರೆ, ಅದರಲ್ಲಿ ನಮೂದಾದ ಪ್ರಮಾಣಕ್ಕಿಂತ ಒಂದು ಚಿಟಿಕೆ ಮದ್ದನ್ನೂ ಹೆಚ್ಚಿಗೆ ಕೊಡುವುದಿಲ್ಲ, ಕೊಟ್ಟದ್ದನ್ನು ದಫ್ತರದಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಇದು ಕಿರಿಕಿರಿಯೆನಿಸಿದರೂ ಸರಿಯಾದ ಕ್ರಮ. ಬೆಲೆಯನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಎರಡು ಸಲ ಹೋದಾಗ ಒಂದೇ ಸಾಮಾನಿಗೆ ಎರಡು ಬೆಲೆ ಹೇಳಿದರು, ರಸೀದಿ ಕೇಳಿದ ಮೇಲೆ ಎರಡನೆಯದು ಸ್ವಲ್ಪ ಇಳಿಯಿತು. ಆದರೆ ಅಲ್ಲಿ ಕೂರುವ ಹಿರಿಯರ ತಿಳಿವಳಿಕೆಗೆ ಬೆಲೆ ಕಟ್ಟಲಾಗದು. ನಾನು ಮೊದಲ ಸಲ ಬಂದೂಕು ಒಯ್ದಾಗ ಅವರು ಗಜವನ್ನು ನಳಿಗೆಯೊಳಗೆ ಬಿಟ್ಟು, ಅದು ತಳಕ್ಕೆ ತಾಗಿದ ಸದ್ದನ್ನು ಕಿವಿಗೊಟ್ಟು ಕೇಳಿ, ಮೂತಿಯ ಬಳಿ ಗಜದ ಮೇಲೆ ಉಗುರಿನಿಂದ ಗೆರೆ ಹಾಕಿ, ಆಮೇಲೆ ಅದೇ ಗಜವನ್ನು ನಳಿಗೆಯ ಹೊರಗೆ ಇಟ್ಟು ಅಳೆದರು. ಗಜ ಹಿಂಬದಿಯ ತಿರುಪಿನವರೆಗೆ ಹೋಗದೆ ನಾಲ್ಕು ಬೆರಳು ಮೊದಲೇ ನಿಂತಿತ್ತು. "ಒಳಗ ಇನ್ನಾ ಮದ್ದು ಐತ್ರಿ, ನಿಮ್ಮ ಅಪ್ಪಾರು ತುಂಬಿ ಇಟ್ಟದ್ದು" ಎಂದರು. ತಂದೆಯವರು ತೀರಿ ಎರಡು ವರ್ಷವಾಗಿತ್ತು. ಅಷ್ಟು ದಿನ ಆ ಬಂದೂಕು ತುಂಬಿದ ಸ್ಥಿತಿಯಲ್ಲೇ ಪಡಸಾಲೆಯ ಗೂಟಕ್ಕೆ ನೇತಾಡುತ್ತಿತ್ತು, ಮೊಮ್ಮಕ್ಕಳು ಅದರ ಕೆಳಗೆ ಆಡುತ್ತಿದ್ದರು. ಆಗ ನನ್ನ ಬೆನ್ನ ಮೇಲೆ ಹರಿದ ಬೆವರು ಇನ್ನೂ ನೆನಪಿದೆ. ಹಳೆಯ ಬಂದೂಕು ಕೈಗೆ ಬಂದವರು ಯಾರೇ ಆಗಲಿ, ಗಜದ ಈ ಪರೀಕ್ಷೆ ಮಾಡದೆ ಅದನ್ನು ಮುಟ್ಟಬಾರದು. ಒಳಗಿದ್ದ ಮದ್ದನ್ನು ಅವರೇ ತೆಗೆದು, ಕೇಪು ಕೂರುವ ತೊಟ್ಟನ್ನು ಬದಲಿಸಿ, ನಳಿಗೆಯ ಒಳಗೋಡೆಯನ್ನು ದೀಪ ಹಾಕಿ ತೋರಿಸಿ, "ಇದು ಭಾರಿ ಮದ್ದು ತಾಳೂದಿಲ್ಲ, ಹಗರಕ ಹಾಕ್ರಿ" ಎಂದು ಹೇಳಿ ಕಳಿಸಿದರು.

ಹಗುರ ಎಂದರೆ ಎಷ್ಟು ಎನ್ನುವುದೇ ಈ ಬರಹದ ತಿರುಳು. ತಂದೆಯವರ ಲೆಕ್ಕ ತೊಲದ್ದು. ಚರೆ (ಸೀಸದ ಸಣ್ಣ ಕಾಳು) ಹಾಕುವಾಗ ಅರ್ಧ ತೊಲ ಮದ್ದು ಎಂದು ಅವರು ಹೇಳುತ್ತಿದ್ದುದನ್ನು ಕೇಳಿದ್ದೇನೆ. ಮದ್ದಿನ ಲೆಕ್ಕವನ್ನು ಪರದೇಶದಲ್ಲಿ ಗ್ರೇನ್‌ಗಳಲ್ಲಿ ಹೇಳುತ್ತಾರೆ. ಒಂದು ತೊಲಕ್ಕೆ ಸರಿಯಾಗಿ 180 ಗ್ರೇನ್, ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ. ಹಾಗಾದರೆ ಅಪ್ಪನ ಅರ್ಧ ತೊಲ 90 ಗ್ರೇನ್ ಆಯಿತು. ಅಮೆರಿಕದವರು 12 ಬೋರಿನ (ಬೋರು ಎಂದರೆ ನಳಿಗೆಯ ಬಾಯಿಯ ಅಳತೆ) ಹಳೆಯ ಚರೆ ಬಂದೂಕಿಗೆ ಹೇಳುವ ಮದ್ದು 80ರಿಂದ 90 ಗ್ರೇನ್. ಪುಸ್ತಕವನ್ನೇ ನೋಡದೆ ತಂದೆಯವರು ಅದೇ ಅಳತೆಗೆ ಬಂದು ನಿಂತಿದ್ದರು ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಆದರೆ ಅದು ನಳಿಗೆ ಹೊಸದಾಗಿದ್ದಾಗಿನ ಮಾತು, ಮುಂದೆ ತಳ್ಳಲು ಚರೆ ಇದ್ದಾಗಿನ ಮಾತು. ಬರಿ ಸದ್ದಿಗೆ, ತುಕ್ಕು ತಿಂದ ನಳಿಗೆಗೆ, ಅದರ ಅರ್ಧ ಸಾಕು: ಕಾಲು ತೊಲ, ಅಂದರೆ 45 ಗ್ರೇನ್, ಗ್ರಾಂನಲ್ಲಿ 2.9. ನನ್ನ ಬಂದೂಕಿಗೆ ಆ ಹಿರಿಯರು ನೋಡಿ ಒಪ್ಪಿದ ಅಳತೆ ಇದು. ಇನ್ನೊಬ್ಬರ ಬಂದೂಕಿಗೆ ಇದನ್ನೇ ಹಾಕಿರೆಂದು ನಾನು ಹೇಳಲಾರೆ.

ಅಂಗಡಿಯಲ್ಲಿ ಕೊಂಡ ಹಿತ್ತಾಳೆಯ ಅಳತೆ ನೋಡಲು ಚೆನ್ನಾಗಿದೆ. ಹಿಂದೆ ಒಂದು ಕಡ್ಡಿ ಇದ್ದು, ಅದನ್ನು ಎಳೆದಂತೆ ಕೊಳವೆಯ ಆಳ ಹೆಚ್ಚುತ್ತದೆ, ಕಡ್ಡಿಯ ಮೇಲೆ ಗೆರೆಗಳಿವೆ. ಆದರೆ ಗೆರೆಯನ್ನು ಕಣ್ಣುಮುಚ್ಚಿ ನಂಬುವ ಸ್ವಭಾವ ನನ್ನದಲ್ಲ. ಊರಿನ ಪತ್ತಾರರ ತಕ್ಕಡಿಯಲ್ಲಿ ತೂಗಿ ನೋಡೋಣವೆಂದು ಹೋದೆ. ಮದ್ದೆಂದು ತಿಳಿಯುತ್ತಲೇ ಅವರು ಅಗ್ಗಿಷ್ಟಿಕೆಯ ಹತ್ತಿರವೂ ಬರಗೊಡದೆ, ತಕ್ಕಡಿಯನ್ನೇ ಹೊರಗೆ ಕಟ್ಟೆಗೆ ತಂದು, ತಾವು ಹತ್ತು ಹೆಜ್ಜೆ ದೂರ ನಿಂತರು. 45ರ ಗೆರೆಗೆ ಸುಮ್ಮನೆ ಸುರಿದು ತುಂಬಿದಾಗ 2.6 ಗ್ರಾಂ, ಕೊಳವೆಯ ಬದಿಗೆ ಬೆರಳಿನಿಂದ ತಟ್ಟುತ್ತ ತುಂಬಿದಾಗ 2.9 ಗ್ರಾಂ ಬಂದಿತು. ಎಂದರೆ ಅಳತೆ ಸುಳ್ಳಲ್ಲ, ಕೈ ಸುಳ್ಳು. ಪ್ರತಿ ಸಲವೂ ಒಂದೇ ರೀತಿಯಲ್ಲಿ ತುಂಬಬೇಕು, ತಟ್ಟುವುದಾದರೆ ಪ್ರತಿ ಸಲವೂ ತಟ್ಟಬೇಕು. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯುವ ಅಭ್ಯಾಸ ಕೆಲವರಿಗಿದೆ. ಹಿಂದಿನ ಹೊಡೆತದ ಕಿಡಿ ಒಳಗೆ ಉಳಿದಿದ್ದರೆ ಡಬ್ಬಿಗೆ ಡಬ್ಬಿಯೇ ಕೈಯಲ್ಲಿ ಹಾರುತ್ತದೆ. ಅಳತೆಯ ಕೊಳವೆ ಇರುವುದು ಅಳೆಯುವುದಕ್ಕಷ್ಟೇ ಅಲ್ಲ, ಆ ಅಪಾಯವನ್ನು ಕಾಲು ತೊಲಕ್ಕೆ ಇಳಿಸುವುದಕ್ಕೂ ಹೌದು.

ಮದ್ದಿನ ಗುಣಮಟ್ಟ ಸಾಧಾರಣ. ಕರಿ ಮದ್ದೆಂದರೆ ಎಲ್ಲಿಯದಾದರೂ ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ವ್ಯತ್ಯಾಸ ಇರುವುದು ಕಾಳಿನ ಗಾತ್ರದಲ್ಲಿ. ಸಣ್ಣ ಕಾಳು ಬೇಗ ಉರಿದು ಒತ್ತಡ ಹೆಚ್ಚಿಸುತ್ತದೆ, ದಪ್ಪ ಕಾಳು ನಿಧಾನ. ಪರದೇಶದ ಡಬ್ಬಿಗಳ ಮೇಲೆ ಎಫ್ ಅಕ್ಷರವನ್ನು ಎಷ್ಟು ಸಲ ಬರೆದಿದೆಯೋ ಅಷ್ಟು ಸಣ್ಣ ಕಾಳು: ಎರಡು ಎಫ್ ದೊಡ್ಡ ನಳಿಗೆಗೆ ಮತ್ತು ಚರೆ ಬಂದೂಕಿಗೆ, ಮೂರು ಎಫ್ ಸಣ್ಣ ನಳಿಗೆಗೆ ಮತ್ತು ಪಿಸ್ತೂಲಿಗೆ. ನನಗೆ ಸಿಕ್ಕ ಮದ್ದಿನಲ್ಲಿ ಸಜ್ಜೆಯ ಕಾಳಿನಷ್ಟು ದಪ್ಪನೆಯದೂ ಇತ್ತು, ಹುಡಿಯೂ ಇತ್ತು. ಮೊದಲ ವರ್ಷ ಡಬ್ಬಿಯ ತಳಕ್ಕೆ ಬಂದಾಗ ಬರಿ ಹುಡಿ ಉಳಿದು, ಅದೇ ಅಳತೆಗೆ ಬಂದೂಕು ಭುಜಕ್ಕೆ ಜೋರಾಗಿ ಒದೆಯಿತು. ಎರಡನೆಯ ವರ್ಷ ಇದನ್ನು ಹೇಳಿದಾಗ ಅಂಗಡಿಯವರು ತಕರಾರಿಲ್ಲದೆ ಬೇರೆ ಡಬ್ಬಿ ಕೊಟ್ಟರು. ಅದು ಮೇಲು. ಈಗ ತಳದ ಹುಡಿಯನ್ನು ನಾನು ಬಳಸುವುದಿಲ್ಲ, ನೀರಿಗೆ ಹಾಕಿಬಿಡುತ್ತೇನೆ.

ಅದೇ ಎರಡನೆಯ ವರ್ಷ, ನಾನು ಸಹಿ ಹಾಕುತ್ತಿದ್ದಾಗ, ಇಪ್ಪತ್ತೈದರ ಒಳಗಿನ ಹುಡುಗನೊಬ್ಬ ಮೊಬೈಲ್ ಹಿಡಿದು ಒಳಗೆ ಬಂದ. ಅದರಲ್ಲಿ ಅಮೆರಿಕದ ಬೇಟೆಯ ವಿಡಿಯೊ ಓಡುತ್ತಿತ್ತು. ಬಿಳಿಯ ಗುಳಿಗೆಯಂಥ ಮೂರು ಬಿಲ್ಲೆಗಳನ್ನು ನಳಿಗೆಗೆ ಹಾಕಿ, ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂತ ಚೂಪು ಗುಂಡೊಂದನ್ನು ಮೇಲೆ ಗಿಡಿದು, ಬಹು ದೂರದ ಜಿಂಕೆಯನ್ನು ಉರುಳಿಸುವ ದೃಶ್ಯ. "ಅಣ್ಣಾರ, ನಮ್ಮನ್ಯಾಗೂ ಮುಂದಿನಿಂದ ತುಂಬೂದs ಐತಿ, ಈ ಗುಳಿಗಿ ಮತ್ತ ಈ ಗುಂಡು ತರಿಸಿ ಕೊಡ್ರಿ" ಎಂದ. ಹಿರಿಯರು ವಿಡಿಯೊ ಪೂರ್ತಿ ನೋಡಿದರು, ಆಮೇಲೆ ಮೊಬೈಲ್ ಹಿಂದಿರುಗಿಸಿ, "ತಮ್ಮಾ, ನಿನ್ನ ಬಂದೂಕಿಗೆ ಇದನ್ನ ಹಾಕಿದ್ರ ಜಿಂಕಿ ಅಲ್ಲೇ ಇರತೈತಿ, ನಿನ್ನ ಕೈ ಮಾತ್ರ ಇರೂದಿಲ್ಲ" ಎಂದರು. ಗುಂಡು ಯಾಕೆ ಬೇಕೆಂದೂ ಕೇಳಿದರು. ಹುಡುಗ ಉತ್ತರ ಕೊಡದೆ ಹೊರಟುಹೋದ.

ಆ ಮಾತು ತಲೆಯಲ್ಲಿ ಉಳಿದು, ಅಮೆರಿಕದಲ್ಲಿ ಈ ವ್ಯವಹಾರ ಹೇಗಿದೆಯೆಂದು ನಾನೂ ಓದಿ ನೋಡಿದೆ. ಅಲ್ಲಿ ವೈಟ್‌ಟೇಲ್ ಎಂಬ ಜಿಂಕೆಯ ಬೇಟೆಗೆ ಕಾನೂನಿನ ಒಪ್ಪಿಗೆಯಿದೆ, ಅನೇಕ ರಾಜ್ಯಗಳು ಮುಂದಿನಿಂದ ತುಂಬುವ ಬಂದೂಕಿಗೆಂದೇ ಬೇರೆ ದಿನಗಳನ್ನು ಮೀಸಲಿಟ್ಟಿವೆ. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್ಮಸ್ ಕಳೆದ ಮೇಲಿನ ಹಂಗಾಮಿನಲ್ಲಿ ಚಕಮಕಿ ಕಲ್ಲಿನ ಬಂದೂಕನ್ನೇ ಹಿಡಿಯಬೇಕು. ಅವರ ಬಂದೂಕಿನ ನಳಿಗೆಯ ಒಳಗೆ ಸುರುಳಿ ಗೆರೆಗಳಿರುತ್ತವೆ, ಯಾವ ಗುಂಡು ಎನ್ನುವುದನ್ನು ಆ ಸುರುಳಿಯೇ ತೀರ್ಮಾನಿಸುತ್ತದೆ. 66 ಇಂಚಿಗೆ ಒಂದು ಸುತ್ತು ಸುತ್ತುವ ನಿಧಾನ ಸುರುಳಿಗೆ ಎಣ್ಣೆ ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿದ ದುಂಡನೆಯ ಸೀಸದ ಗುಂಡು ಒಪ್ಪುತ್ತದೆ. 28 ಇಂಚಿಗೆ ಒಂದು ಸುತ್ತಿನ ಬಿಗಿ ಸುರುಳಿಗೆ ಪ್ಲಾಸ್ಟಿಕ್ ಬಟ್ಟಲಿನ ಉದ್ದನೆಯ ಗುಂಡು. 48 ಇಂಚಿನದು ಎರಡಕ್ಕೂ ನಡುವೆ, ಎರಡನ್ನೂ ಒಂದಷ್ಟು ಸಹಿಸಿಕೊಳ್ಳುತ್ತದೆ. 50 ಕ್ಯಾಲಿಬರಿನ, ಎಂದರೆ ಅರ್ಧ ಇಂಚು ಬಾಯಿಯ, ನಳಿಗೆಗೆ ಅವರು ಹಾಕುವ ದುಂಡು ಗುಂಡು ಸುಮಾರು 177 ಗ್ರೇನ್ ತೂಗುತ್ತದೆ, ನಮ್ಮ ಲೆಕ್ಕದಲ್ಲಿ ಒಂದು ತೊಲಕ್ಕೆ ಕೂದಲೆಳೆಯಷ್ಟು ಕಡಿಮೆ. ದುಂಡಗಿರುವುದರಿಂದ ಗಾಳಿಯ ತಡೆ ಹೆಚ್ಚು, ನೂರು ಗಜ ಹೋಗುವಷ್ಟರಲ್ಲಿ ಅದರ ವೇಗ ಹೆಚ್ಚುಕಡಿಮೆ ಶೇಕಡ 40ರಷ್ಟು ಇಳಿದಿರುತ್ತದೆ. ಅದಕ್ಕಾಗಿಯೇ ದುಂಡು ಗುಂಡಿನವರು ಜಿಂಕೆಯ ಹತ್ತಿರಕ್ಕೆ ಹೋಗಲು ಕಲಿಯುತ್ತಾರೆ, ಉದ್ದ ಗುಂಡಿನವರು ದೂರದಿಂದ ಹೊಡೆಯಲು ಕಲಿಯುತ್ತಾರೆ. ನನಗೇನೋ ಮೊದಲನೆಯವರೇ ಹೆಚ್ಚು ಮೆಚ್ಚುಗೆಯಾದರು.

ಮದ್ದಿನ ವಿಷಯದಲ್ಲಿ ಅವರು ಸಾಮಾನ್ಯವಾಗಿ ಕ್ಯಾಲಿಬರಿನ ಅಂಕಿಯಿಂದ ಶುರುಮಾಡುತ್ತಾರೆ, 50 ಕ್ಯಾಲಿಬರಿಗೆ 50 ಗ್ರೇನ್. ಅಲ್ಲಿಂದ ಐದೈದೇ ಗ್ರೇನ್ ಏರಿಸುತ್ತ, ಗುಂಡುಗಳು ಎಲ್ಲಿ ಒತ್ತಾಗಿ ಬೀಳುತ್ತವೆಯೋ ಅಲ್ಲಿ ನಿಲ್ಲುತ್ತಾರೆ. ಜಿಂಕೆಗೆ 70ರಿಂದ 100ರ ಒಳಗೆ ಬಹುಪಾಲು ಮುಗಿಯುತ್ತದೆ. ಹುಡುಗನ ವಿಡಿಯೊದಲ್ಲಿದ್ದ ಬಿಲ್ಲೆಗಳು ಕರಿ ಮದ್ದಿನ ಬದಲಿಗೆ ಬಂದ ಪೈರೋಡೆಕ್ಸ್‌ನಂಥ ಮದ್ದಿನವು. ಒಂದೊಂದು ಬಿಲ್ಲೆ 50 ಗ್ರೇನ್ ಕರಿ ಮದ್ದಿಗೆ ಸಮ, ಮೂರು ಹಾಕಿದರೆ 150, ನಮ್ಮ ಮುಕ್ಕಾಲು ತೊಲಕ್ಕೂ ಹೆಚ್ಚು. ಅಷ್ಟನ್ನು ತಾಳುವುದಕ್ಕೆಂದೇ ಮಾಡಿದ ಉಕ್ಕಿನ ನಳಿಗೆಗಳು ಅವು. ಕೇಪು ಹಿಂದಿನಿಂದ ನೇರವಾಗಿ ಕಿಡಿ ಹಾಯಿಸುವ ಆ ಬಗೆಯನ್ನು 1985ರಲ್ಲಿ ಟೋನಿ ನೈಟ್ ಎಂಬಾತ ಎಂಕೆ-85 ಎಂಬ ಬಂದೂಕಿನಿಂದ ಜನಪ್ರಿಯಗೊಳಿಸಿದ. ಟ್ರಿಪಲ್ ಸೆವೆನ್ ಎಂಬ ಇನ್ನೊಂದು ಮದ್ದು ಅಳತೆಗೆ ಅಳತೆ ಹಾಕಿದರೆ ಕರಿ ಮದ್ದಿಗಿಂತ ಸುಮಾರು ಶೇಕಡ 15ರಷ್ಟು ಹೆಚ್ಚು ಬಲವಾದದ್ದು, ಆದ್ದರಿಂದ ಅದನ್ನು ಅಷ್ಟೇ ಕಡಿಮೆ ಹಾಕಬೇಕು. ಈ ಬದಲಿ ಮದ್ದುಗಳನ್ನೆಲ್ಲ ತೂಕದಿಂದಲ್ಲ, ಕರಿ ಮದ್ದಿನ ಅಳತೆಯ ಕೊಳವೆಯಿಂದಲೇ ಅಳೆಯಬೇಕೆಂಬುದು ಅಲ್ಲಿಯ ನಿಯಮ. ಅವು ತೂಕದಲ್ಲಿ ಹಗುರ, ತಕ್ಕಡಿ ನಂಬಿದವನು ಮಿತಿ ಮೀರಿ ತುಂಬುತ್ತಾನೆ.

ಇದರಲ್ಲಿ ಒಂದೂ ನಮ್ಮ ಎಸ್‌ಬಿಎಂಎಲ್‌ಗೆ ಹೊಂದುವುದಿಲ್ಲ. ನಮ್ಮದು ಒಳಗೆ ನುಣುಪಾದ ನಳಿಗೆ, ಸುರುಳಿಯಿಲ್ಲ. ತಿರುಗದ ಉದ್ದ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತ ಎಲ್ಲಿಗೋ ಹೋಗುತ್ತದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದಾಗ ಅವನ ಜೊತೆಗಿದ್ದ ಪೋರ್ಚುಗೀಸರು ಕೋಟೆಯ ಮೇಲಿನವರನ್ನು ಹೊಡೆದ ಬಂದೂಕುಗಳೂ ಮುಂದಿನಿಂದ ತುಂಬುವಂಥವೇ ಆಗಿದ್ದವು. ಕಿಡಿಯ ಬಗೆ ಬದಲಾದುದನ್ನು ಬಿಟ್ಟರೆ ನಮ್ಮ ಗೂಟಕ್ಕೆ ನೇತಾಡುವುದು ಆ ವಂಶದ್ದೇ. ಕಿಡಿ ಬಿಡುವ ಕೇಪು ಬಂದದ್ದು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿ 1807ರಲ್ಲಿ ಸ್ಫೋಟಕ ಪುಡಿಯ ಕಿಡಿಗೆ ಪೇಟೆಂಟ್ ಪಡೆದ ನಂತರ. ಪಕ್ಕದ ತೊಟ್ಟಿನಿಂದ ತಿರುವಿಕೊಂಡು ಹೋಗುವ ನಮ್ಮ ಕೇಪಿನ ಕಿಡಿಗೆ ಆ ಬಿಲ್ಲೆಗಳು ಸರಿಯಾಗಿ ಹೊತ್ತಿಕೊಳ್ಳುವುದೂ ಅನುಮಾನ.

ಇದಕ್ಕಿಂತ ಘೋರವಾದ ಒಂದು ಅಭ್ಯಾಸ ನಮ್ಮಲ್ಲೇ ಇದೆ, ಅದನ್ನು ಹೇಳದೆ ಬಿಡಲಾರೆ. ಕರಿ ಮದ್ದು ಸಿಗದಿದ್ದಾಗ 12 ಬೋರಿನ ತೋಟಾ ಒಡೆದು, ಅದರೊಳಗಿನ ಹೊಗೆಯಿಲ್ಲದ ಮದ್ದನ್ನು ಕೇಪಿನ ಬಂದೂಕಿಗೆ ಹಾಕುವವರಿದ್ದಾರೆ. ಅಳತೆ ಅದೇ, ಒತ್ತಡ ಹಲವು ಪಟ್ಟು. ಒಡೆದ ನಳಿಗೆಯೊಂದನ್ನು ಅಂಗಡಿಯ ಹಿರಿಯರು ಮೇಜಿನ ಕೆಳಗೆ ಇಟ್ಟುಕೊಂಡಿದ್ದಾರೆ, ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಕಬ್ಬಿಣ ಹೊರಚಾಚಿದೆ. ಕೇಳಿದವರಿಗೆಲ್ಲ ತೋರಿಸುತ್ತಾರೆ. ಯಾರದೆಂದು ಮಾತ್ರ ಹೇಳುವುದಿಲ್ಲ.

ಇನ್ನು ಬಿರಡೆ. ಬರಿ ಮದ್ದು ಹಾಕಿ ಹಾರಿಸಿದರೆ ಬುಸ್ಸೆಂದು ಹೊಗೆ ಬರುತ್ತದೆಯೇ ಹೊರತು ಸದ್ದು ಬರುವುದಿಲ್ಲ. ಮೇಲೆ ಏನಾದರೊಂದು ಗಿಡಿದು ಒತ್ತಡ ಕಟ್ಟಿದಾಗಲೇ ಗುಡುಗುತ್ತದೆ. ಮೊದಲ ಹಂಗಾಮಿನಲ್ಲಿ ನಾನು ಎಲ್ಲರಂತೆ ದಿನಪತ್ರಿಕೆಯ ಉಂಡೆ ಗಿಡಿದೆ. ಮೂರನೆಯ ದಿನ ಸಂಜೆ ಹಾರಿಸಿದ ಕಾಗದ ಉರಿಯುತ್ತಲೇ ಹೊರಬಂದು, ಬದುವಿನಾಚೆ ಒಟ್ಟಿದ್ದ ಹಿಂದಿನ ವರ್ಷದ ಕಣಿಕೆಯ ಬಣವೆಯ ಅಂಚಿಗೆ ಬಿದ್ದಿತು. ಚಿಗರಿ ನೋಡುತ್ತ ನಿಂತಿದ್ದ ನಾನು ಹೊಗೆ ಮೇಲೇಳುವವರೆಗೆ ಅದನ್ನು ಕಾಣಲಿಲ್ಲ. ನಾಲ್ಕು ಸೂಡು ಕಣಿಕೆ ಹೋಯಿತು, ಕೊಡದಲ್ಲಿದ್ದ ಕುಡಿಯುವ ನೀರು ಹೋಯಿತು, ನನ್ನ ಹೆಗಲ ಮೇಲಿನ ಟವೆಲ್ಲೂ ಹೋಯಿತು. ಆಮೇಲೆ ಪುಂಡಿನಾರು ಪ್ರಯತ್ನಿಸಿದೆ. ಅದು ಉರಿಯುವುದಿಲ್ಲ, ಆದರೆ ಬಹಳ ಹೊತ್ತು ಒಳಗೊಳಗೇ ಕನಲುತ್ತದೆ, ಅದು ಇನ್ನೂ ಕೆಟ್ಟದ್ದು. ಅಂಗಡಿಯಲ್ಲಿ ಮಾರುವ ರಟ್ಟಿನ ಬಿಲ್ಲೆ ನನ್ನ ನಳಿಗೆಗೆ ಸಡಿಲವಾಗಿ ಮೂತಿ ಕೆಳಗೆ ಮಾಡಿದರೆ ಜಾರಿ ಬೀಳುತ್ತಿತ್ತು. ಅದಕ್ಕೆ ಕೊಟ್ಟ ಹಣ ದಂಡ. ಕೊನೆಗೆ ನೆಲೆನಿಂತದ್ದು ಉಪ್ಪಿಟ್ಟಿನ ದಪ್ಪ ರವೆ: ಮದ್ದಿನ ಮೇಲೆ ನಾನೇ ಕತ್ತರಿಸಿದ ತೆಳು ರಟ್ಟು, ಅದರ ಮೇಲೆ ಮದ್ದಿನಷ್ಟೇ ಅಳತೆಯ ರವೆ, ಮೇಲೆ ಇನ್ನೊಂದು ರಟ್ಟು, ಗಜದಿಂದ ಗಟ್ಟಿಯಾಗಿ ಒತ್ತುವುದು. ಸದ್ದು ಗಟ್ಟಿ, ಬೆಂಕಿ ಅತಿ ಕಡಿಮೆ. ಅಡುಗೆಮನೆಯಲ್ಲಿ ರವೆಯ ಡಬ್ಬಿ ಬೇಗ ಬರಿದಾಗುತ್ತದೆ ಎಂಬ ದೂರು ಬಂದಿದೆ. ರವೆಯೆಂದು ಹಗುರವಾಗಿ ಕಾಣಬಾರದು; ಮೂತಿಯ ಹತ್ತಿರ ಅದು ಚರೆಯಂತೆಯೇ ಕಚ್ಚುತ್ತದೆ, ಮುಂದೆ ಮನುಷ್ಯ, ದನ, ಚಿಗರಿ ಯಾವುದೂ ಇರಕೂಡದು, ಮೂತಿ ಮೇಲ್ಮುಖವಾಗಿಯೇ ಇರಬೇಕು.

ಒಂದು ಎಚ್ಚರಿಕೆ ಗುಂಡಿಗೂ ರವೆಗೂ ಒಂದೇ: ಮದ್ದಿಗೂ ಅದರ ಮೇಲಿನ ವಸ್ತುವಿಗೂ ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಅಲ್ಲಿಯೇ ಉಬ್ಬುತ್ತದೆ ಅಥವಾ ಸೀಳುತ್ತದೆ. ಗಜದ ಮೇಲೆ ಎರಡು ಗೆರೆ ಮಾಡಿಕೊಂಡಿದ್ದೇನೆ, ಒಂದು ಖಾಲಿ ಇದ್ದಾಗ, ಒಂದು ಸರಿಯಾಗಿ ತುಂಬಿದಾಗ. ಎರಡನೆಯ ಗೆರೆ ಮೂತಿಗೆ ಸಮನಾಗದೆ ಕೇಪು ಹಾಕುವುದಿಲ್ಲ.

ಕೇಪುಗಳು ನಿರಾಸೆ ತಂದವು. ನೂರರ ಡಬ್ಬಿ, ತಾಮ್ರದ ಬಣ್ಣ, ತೊಟ್ಟಿನ ಮೇಲೆ ಬಿಗಿಯಾಗಿ ಕೂರುತ್ತವೆ, ಅಲ್ಲಿಯವರೆಗೆ ಸರಿ. ಮೊದಲ ಡಬ್ಬಿಯ ಮೊದಲ ಇಪ್ಪತ್ತರಲ್ಲಿ ಆರು ಕೇಪು ಕುದುರೆ ಬಿದ್ದರೂ ಸಿಡಿಯಲಿಲ್ಲ. ಸಿಡಿಯದಿದ್ದಾಗ ಮೂತಿಯನ್ನು ಆಕಾಶಕ್ಕೆ ಹಿಡಿದು ಪೂರ್ತಿ ಒಂದು ನಿಮಿಷ ಕಾಯಬೇಕು. ಒಮ್ಮೆ ನನ್ನದು ಹತ್ತು ಎಣಿಸುವಷ್ಟರಲ್ಲಿ ತಡವಾಗಿ ಹಾರಿತು. ಎರಡನೆಯ ಡಬ್ಬಿ ಚೆನ್ನಾಗಿತ್ತು. ಒಡೆದ ಕೇಪಿನ ಚೂರು ಹಿಂದಕ್ಕೆ ಸಿಡಿಯುವುದರಿಂದ ಕನ್ನಡಕವಿಲ್ಲದೆ ಹಾರಿಸಬೇಡಿ.

ತೊಳೆಯುವ ಕೆಲಸವನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಕರಿ ಮದ್ದು ಸುಟ್ಟಾಗ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಗಟ್ಟಿ ಮಸಿಯಾಗಿ ಉಳಿಯುತ್ತದೆ, ಆ ಮಸಿ ಗಾಳಿಯ ತೇವವನ್ನು ಹೀರಿ ಒಂದೇ ರಾತ್ರಿಯಲ್ಲಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಎಷ್ಟೇ ದಣಿದಿದ್ದರೂ ಅಂದೇ ಕುದಿಯುವ ನೀರು, ಸಾಬೂನು, ಗಜಕ್ಕೆ ಸುತ್ತಿದ ಅರಿವೆ. ಅರಿವೆ ಬೆಳ್ಳಗೆ ಬರುವವರೆಗೆ. ಆಮೇಲೆ ಒಣಗಿಸಿ ಎಣ್ಣೆ. ಮೊದಲ ಸಲ ಮನೆಯಲ್ಲಿದ್ದ ಕುಸುಬೆ ಎಣ್ಣೆ ಹಚ್ಚಿ ಕೆಟ್ಟೆ; ಅದು ಒಣಗಿ ವಾರ್ನಿಷ್‌ನಂತೆ ಅಂಟಾಗಿ ಕುದುರೆಯೇ ಏಳದಾಯಿತು. ಹೊಲಿಗೆ ಯಂತ್ರದ ಎಣ್ಣೆ ಸಾಕು.

ಇಷ್ಟೆಲ್ಲ ಮಾಡಿದ ಮೇಲೆ ಚಿಗರಿ ಓಡುತ್ತದೆಯೇ? ಓಡುತ್ತದೆ, ಕೆಲವು ದಿನ. ಮೊದಲ ಹೊಡೆತಕ್ಕೆ ಹಿಂಡು ಚೆಂಡು ಪುಟಿದಂತೆ ನೆಗೆದು, ಹಳ್ಳ ದಾಟಿ, ಕಣ್ಣಿಗೆ ಕಾಣದಷ್ಟು ದೂರ ಹೋಯಿತು. ಎರಡು ದಿನ ಮುಖ ತೋರಿಸಲಿಲ್ಲ. ಐದನೆಯ ಸಲ ಹಳ್ಳದವರೆಗೆ ಮಾತ್ರ ಹೋಯಿತು. ಹನ್ನೆರಡನೆಯ ದಿನ ಕರಿಯ ಗಂಡು ತಲೆಯೆತ್ತಿ, ಹೊಗೆಯ ಕಡೆ ನೋಡಿ, ಕೊಂಬನ್ನು ಒಂದು ಸಲ ತಿರುಗಿಸಿ, ಮತ್ತೆ ಮೇಯತೊಡಗಿತು. ಹೆಣ್ಣುಗಳು ತಲೆಯನ್ನೂ ಎತ್ತಲಿಲ್ಲ. ಬೆಳಿಗ್ಗೆಯೊಂದು, ಸಂಜೆಯೊಂದು ಎಂದು ಗಂಟೆ ಹೊಡೆದಂತೆ ಹಾರಿಸಿದ್ದು ನನ್ನ ತಪ್ಪು. ಮುಂದಿನ ಹಂಗಾಮಿನಲ್ಲಿ ಜಾಗ ಮತ್ತು ಹೊತ್ತು ಬದಲಿಸುತ್ತ, ನಡುನಡುವೆ ಹಲಗೆ ಬಡಿಯುತ್ತ, ಕವಣೆ ಬೀಸುತ್ತ, ಹಿಂಡು ಹೊಲದ ಅಂಚಿನಲ್ಲಿರುವಾಗಲೇ ಹಾರಿಸಿದ್ದರಿಂದ ಇಪ್ಪತ್ತು ದಿನ ದಕ್ಕಿತು. ಹೆಸರಿಗೆ ಅಪಾಯದ ಕಾಲವೇ ಆ ಮೊದಲ ಇಪ್ಪತ್ತು ದಿನ, ಆದ್ದರಿಂದ ಅದು ಸಣ್ಣ ಲಾಭವಲ್ಲ. ಆದರೆ ಓಡಿದ ಹಿಂಡು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಬಂದೂಕಿನಲ್ಲಿ ಉತ್ತರವಿಲ್ಲ. ಹಳ್ಳದಾಚೆಯ ಹೊಲದ ಕಾಕಾ ಒಂದು ದಿನ ಬದುವಿನ ಮೇಲೆ ನಿಂತು, "ಮಾಸ್ತರ, ನಿಮ್ಮ ಚಿಗರಿ ನಮ್ಮ ಹೊಲಕ್ಕ ಕಳಿಸಬ್ಯಾಡ್ರೀ, ನನ್ನ ಹಂತ್ಯಾಕ ಬಂದೂಕಿಲ್ಲ" ಎಂದರು. ಅಂದಿನಿಂದ ನಾವಿಬ್ಬರೂ ಸರದಿಯಂತೆ ಕಾಯುತ್ತೇವೆ.

ಕಾರ್ಬೈಡ್ ಕೊಳವೆಯನ್ನು ಹೋಲಿಕೆಗೆಂದು ಒಂದು ವಾರ ಬಳಸಿದೆ. ಪಿವಿಸಿ ಕೊಳವೆಯಲ್ಲಿ ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಬಿದ್ದು ಅಸಿಟಿಲಿನ್ ಅನಿಲ ಹುಟ್ಟುತ್ತದೆ, ಕಿಡಿ ಕೊಟ್ಟರೆ ಸಿಡಿಯುತ್ತದೆ. ಅಗ್ಗ, ಸದ್ದೂ ದೊಡ್ಡದು. ಹೊತ್ತದಿದ್ದಾಗ ಒಳಗೆ ಇಣುಕಿ ನೋಡುವುದು ಮನುಷ್ಯ ಸ್ವಭಾವ, ಆಗಲೇ ಅದು ಮುಖಕ್ಕೆ ಸಿಡಿಯುವುದು. 2025ರ ದೀಪಾವಳಿಯಲ್ಲಿ ಭೋಪಾಲದ ಕಡೆ ಇದರಿಂದಲೇ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ನಮ್ಮ ಮನೆಯ ಕೊಳವೆಯನ್ನು ಒಡೆದು ಹಾಕಿದ್ದೇನೆ.

ಬಂದೂಕು ಬೇಕಾದಾಗ ಕೈಯಲ್ಲಿರುತ್ತದೆಂಬ ಭರವಸೆಯೂ ಬೇಡ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕು. 1857ರ ನಿಶ್ಶಸ್ತ್ರೀಕರಣ ಕಾಯ್ದೆಗೆ ತಿರುಗಿಬಿದ್ದ ಹಲಗಲಿಯ ಬೇಡರ ಕಥೆ ಕೇಳಿ ಬೆಳೆದ ನಾವು ಈಗ ಸಾಲಿನಲ್ಲಿ ನಿಂತು ಬಂದೂಕು ಕೊಟ್ಟು ರಸೀದಿ ತರುತ್ತೇವೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್‌ನಲ್ಲಿ ಕೊಟ್ಟದ್ದು, ಕೊಪ್ಪಳದಲ್ಲಿ ಮೇ 7ಕ್ಕೆ ಮತದಾನ ಮುಗಿದರೂ, ನನ್ನ ಕೈಗೆ ಮರಳಿದ್ದು ಜೂನ್ ಕೊನೆಗೆ, ಹೆಸರು ನಾಲ್ಕೆಲೆಯಾದ ಮೇಲೆ. ಮೂತಿಯ ಸುತ್ತ ತುಕ್ಕಿನ ಉಂಗುರ ಕಟ್ಟಿತ್ತು. ಅಪ್ಪನಿಂದ ಬಂದದ್ದು ಇಲ್ಲದಿದ್ದರೆ, ಚಿಗರಿಗಾಗಿಯೇ ಹೊಸ ಪರವಾನಗಿಗೆ ಅರ್ಜಿ ಹಾಕಿ ಹೊಸ ಬಂದೂಕು ಕೊಳ್ಳುವ ಗೋಜಿಗೆ ನಾನು ಹೋಗುತ್ತಿರಲಿಲ್ಲ. ಪಹಣಿ ಮತ್ತು ಫೋಟೊಗಳನ್ನು ಇಟ್ಟುಕೊಂಡು ಅರಣ್ಯ ಇಲಾಖೆಯ ಬೆಳೆ ಪರಿಹಾರಕ್ಕೆ ಅರ್ಜಿ ಹಾಕುವುದರಲ್ಲಿ ಆ ಓಡಾಟವನ್ನು ಕಳೆಯುತ್ತಿದ್ದೆ. ಇರುವವರು ಮಾತ್ರ ಆ ಅಂಗಡಿಗೆ ಧೈರ್ಯವಾಗಿ ಹೋಗಬಹುದು: ಮದ್ದು ಮತ್ತು ಹಿತ್ತಾಳೆಯ ಅಳತೆಯನ್ನು ಕೊಳ್ಳಿ, ಕೇಪಿನ ಡಬ್ಬಿ ಹೊಸದೇ ಎಂದು ಕೇಳಿ ಕೊಳ್ಳಿ, ರಟ್ಟಿನ ಬಿಲ್ಲೆಯನ್ನು ಬಿಡಿ, ಗುಂಡು ಮತ್ತು ಚರೆಯ ಕಪಾಟಿನ ಕಡೆ ಹೋಗಬೇಡಿ. ಹಿರಿಯರು ಮಧ್ಯಾಹ್ನ ಊಟಕ್ಕೆ ಹೋದರೆ ನಾಲ್ಕು ಗಂಟೆಯವರೆಗೆ ಬರುವುದಿಲ್ಲ. ಕೊಪ್ಪಳದ ಕಡೆಯಿಂದ ಹೋಗುವವರು ಬೆಳಗಿನ ಬಸ್ಸನ್ನೇ ಹಿಡಿಯುವುದು ಒಳ್ಳೆಯದು.